ಸೂಜಿ ಎತ್ತಿದರೆ ಗುಂಯ್‌ಕಾರ ನಿಲ್ಲುತ್ತದೆಯೇ?

ಪ್ರಶ್ನೆ: ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮೊದಲ ಮಹಡಿಯ ಮನೆ ನಮ್ಮದು. ತಂದೆಯವರು ಕೂಡಿಸಿಟ್ಟ ಎಲ್‌ಪಿ ತಟ್ಟೆಗಳು ಎಂಬತ್ತರಷ್ಟಿವೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರವೇ ಹೆಚ್ಚು. ಅವುಗಳಿಗಾಗಿ ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್ ಮತ್ತು ಎರಡು ಸಣ್ಣ ಸ್ಪೀಕರ್ ಕೊಂಡು, ಹಾಲ್‌ನ ಮೂಲೆಯಲ್ಲಿರುವ ಕಟ್ಟಿಗೆಯ ಶೋಕೇಸಿನ ಮೇಲೆ ಸಾಲಾಗಿ ಇಟ್ಟಿದ್ದೇನೆ. ಧ್ವನಿ ಏರಿಸಿದರೆ ‘ಗುಂಯ್’ ಎಂಬ ದಪ್ಪ ಸದ್ದು ಹುಟ್ಟಿ ಬೆಳೆಯುತ್ತ ಹೋಗುತ್ತದೆ. ಮಗಳು ಓಡಾಡಿದರೆ ಸೂಜಿ ಜಿಗಿಯುತ್ತದೆ. ಕೆಳಗಿನ ಮನೆಯ ಹಿರಿಯರು, ಡಗ್ಗಾ (ತಬಲಾ ಜೋಡಿಯ ದಪ್ಪ ದನಿಯ ಎಡಗೈ ವಾದ್ಯ) ತಮ್ಮ ತಲೆಯ ಮೇಲೇ ಬಾರಿಸಿದ ಹಾಗಿರುತ್ತದೆ ಎನ್ನುತ್ತಾರೆ. ಅಂಗಡಿಯವರು ಸ್ಪೀಕರ್ ಕೆಳಗೆ ಹಿತ್ತಾಳೆಯ ಮೊನೆಗಾಲು, ಪ್ಲೇಯರ್ ಕೆಳಗೆ ಗ್ರಾನೈಟ್ ಹಲಗೆ, ಆಂಪ್ಲಿಫೈಯರ್ ಕೆಳಗೆ ವಿಶೇಷ ಬಿಲ್ಲೆಗಳು ಬೇಕು ಎಂದಿದ್ದಾರೆ. ಕೊಳ್ಳಬಹುದೇ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ. ಮೂರಕ್ಕೂ ಕಂಪನವೇ ಕಾರಣ, ಆದರೆ ಮೂರರಲ್ಲಿಯೂ ಅದು ಹಿಡಿದ ದಾರಿ ಬೇರೆ ಬೇರೆ. ಅಂಗಡಿಯವರು ಹೇಳಿದ ಮೂರು ಸಾಮಾನುಗಳಲ್ಲಿ ಒಂದಾದರೂ ಆ ದಾರಿಗೆ ಅಡ್ಡ ನಿಲ್ಲುವಂಥದ್ದಲ್ಲ. ಕಂಪನ ಎಲ್ಲಿ ಹುಟ್ಟುತ್ತದೆ, ಯಾವುದನ್ನು ಹಿಡಿದು ಸಾಗುತ್ತದೆ, ಎಲ್ಲಿ ಹೋಗಿ ಕಾಡುತ್ತದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಅದಕ್ಕೆ ನಿಮ್ಮ ಕೈ, ನಿಮ್ಮ ಕಿವಿ ಮತ್ತು ನೀರು ತುಂಬಿದ ಒಂದು ಸ್ಟೀಲ್ ಬಟ್ಟಲು ಸಾಕು.

ಮೊದಲ ಪರೀಕ್ಷೆ ಹೀಗೆ ಮಾಡಿ. ಗುಂಯ್‌ಕಾರ ಶುರುವಾಗುವ ಮಟ್ಟಕ್ಕೆ ಧ್ವನಿ ಏರಿಸಿ, ಅದು ಕೇಳಿದ ಕೂಡಲೇ ಲಿವರ್‌ನಿಂದ ಸೂಜಿಯನ್ನು ಮೇಲೆತ್ತಿ. ಸದ್ದು ಆ ಕ್ಷಣವೇ ನಿಂತರೆ ಅದು ಕಂಪನದ್ದು: ಸ್ಪೀಕರ್‌ನಿಂದ ಹೊರಟ ನಡುಕ ಸೂಜಿಗೆ ತಲುಪಿ, ಆಂಪ್ಲಿಫೈಯರ್‌ನಲ್ಲಿ ದೊಡ್ಡದಾಗಿ, ಮತ್ತೆ ಸ್ಪೀಕರ್‌ನಿಂದ ಹೊರಟು ಸುತ್ತು ಹಾಕುತ್ತಿದೆ. ಸೂಜಿ ಎತ್ತಿದ ಮೇಲೂ ಒಂದೇ ಸಮನೆ ‘ಝುಂ’ ಎನ್ನುತ್ತಿದ್ದರೆ ಅದು ವಿದ್ಯುತ್ತಿನ 50 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 50 ಕಂಪನದ ಗುಂಗು. ಪ್ಲೇಯರ್‌ನ ಅರ್ಥಿಂಗ್ ತಂತಿ ಸಡಿಲವಾಗಿರುತ್ತದೆ, ಇಲ್ಲವೇ ಸೂಜಿಯನ್ನು ಹಿಡಿದಿರುವ ಕಾರ್ಟ್ರಿಜ್ ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್‌ಗೆ ತೀರ ಹತ್ತಿರವಿರುತ್ತದೆ. ಅದಕ್ಕೆ ರಬ್ಬರ್ ಇಟ್ಟರೂ ಅಷ್ಟೇ, ಕಲ್ಲು ಇಟ್ಟರೂ ಅಷ್ಟೇ. ಈ ಎರಡನ್ನು ಒಂದೇ ಎಂದು ತಿಳಿದು ವರ್ಷಗಟ್ಟಲೆ ಕಾಲುಗಳನ್ನು ಬದಲಿಸುತ್ತ ಹೋದವರನ್ನು ನಾನು ಬಲ್ಲೆ. ನಿಮ್ಮ ವಿವರಣೆಯಲ್ಲಿ ಸದ್ದು ‘ಬೆಳೆಯುತ್ತ ಹೋಗುತ್ತದೆ’ ಎಂದಿರುವುದರಿಂದ ನಿಮ್ಮದು ಮೊದಲ ಬಗೆಯದು ಎಂದೇ ನನ್ನ ಅಂದಾಜು. ಆದರೂ ಸೂಜಿ ಎತ್ತಿ ನೋಡಿಯೇ ಮುಂದೆ ಹೋಗಿ.

ಈಗ ಆಂಪ್ಲಿಫೈಯರನ್ನು ಆಫ್ ಮಾಡಿ, ಪ್ಲೇಯರನ್ನು ಕೆಳಗಿಳಿಸಿ, ಅದಿದ್ದ ಜಾಗದಲ್ಲಿ ನೀರಿನ ಬಟ್ಟಲನ್ನಿಡಿ. ಕಿಟಕಿಯ ಬೆಳಕು ನೀರಿನ ಮೇಲೆ ಓರೆಯಾಗಿ ಬೀಳುವ ಹಾಗಿರಲಿ. ಮಗಳಿಗೆ ಓಡಲು ಹೇಳಿ, ನೀರನ್ನು ನೋಡಿ. ಆಮೇಲೆ ಆಂಪ್ಲಿಫೈಯರನ್ನು ಮತ್ತೆ ಆನ್ ಮಾಡಿ, ಮೊಬೈಲಿನಿಂದ ತಬಲಾ ಸೋಲೋ ಒಂದನ್ನು ಸ್ಪೀಕರ್‌ಗೆ ಕೊಟ್ಟು ಡಗ್ಗಾದ ಪೆಟ್ಟು ಬಿದ್ದಾಗ ನೋಡಿ. ನಿಮ್ಮ ಮನೆ ರೈಲು ಹಳಿಗೆ ಹತ್ತಿರವಿದ್ದರೆ ಗೂಡ್ಸ್ ಗಾಡಿ ಹೋಗುವಾಗಲೂ ಒಮ್ಮೆ ನೋಡಿ. ಓಟಕ್ಕೆ ನೀರು ನಿಧಾನವಾಗಿ ತುಳುಕುತ್ತದೆ. ಡಗ್ಗಾಕ್ಕೆ ಮೇಲ್ಮೈಯ ಮೇಲೆ ಸಣ್ಣ ಉಂಗುರಗಳು ಏಳುತ್ತವೆ. ಎರಡನ್ನೂ ಕಣ್ಣಾರೆ ಕಂಡ ಮೇಲೆ ಇವೆರಡಕ್ಕೂ ಒಂದೇ ಮದ್ದು ಇರಲಾರದು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗುವುದಿಲ್ಲ.

ಶೋಕೇಸಿನ ವಿಷಯಕ್ಕೆ ಬರುತ್ತೇನೆ. ತಂಬೂರಿ ಶ್ರುತಿ ಮಾಡುವವರನ್ನು ನೀವು ನೋಡಿಯೇ ಇರುತ್ತೀರಿ. ಮೀಟುತ್ತಿರುವ ತಂಬೂರಿಯ ಬುರುಡೆಯನ್ನು ಕಟ್ಟಿಗೆಯ ಮಂಚಕ್ಕೆ ತಾಗಿಸಿದರೆ ಮಂಚವೂ ಹಾಡತೊಡಗುತ್ತದೆ. ತಂತಿಗೆ ಸ್ವತಃ ಗಾಳಿಯನ್ನು ಅಲುಗಿಸುವ ಶಕ್ತಿ ಅಷ್ಟಾಗಿ ಇಲ್ಲ. ಅದು ಅಗಲವಾದ, ತೆಳುವಾದ, ಟೊಳ್ಳಾದ ಏನನ್ನಾದರೂ ಹಿಡಿದು ಅದರಿಂದ ದುಡಿಸಿಕೊಳ್ಳುತ್ತದೆ. ನಿಮ್ಮ ಶೋಕೇಸಿಗೆ ತೆಳು ಪ್ಲೈವುಡ್‌ನ ಬೆನ್ನು, ಗಾಜಿನ ಬಾಗಿಲು, ಒಳಗೆ ಟೊಳ್ಳು ಎಲ್ಲವೂ ಇವೆ. ಅದು ಎರಡು ಸ್ಪೀಕರ್‌ಗಳಿಗೆ ಬುರುಡೆಯಾಗಿ ನಿಂತಿದೆ. ಅದರ ನೆತ್ತಿಯ ಮೇಲೆಯೇ ನೀವು ಸೂಜಿಯನ್ನೂ ಕೂರಿಸಿದ್ದೀರಿ.

ಆ ಸೂಜಿ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಸಣ್ಣ ಸ್ಪೀಕರ್ ಒಂದರಲ್ಲಿ ದಪ್ಪ ಸ್ವರಗಳನ್ನು ನುಡಿಸುವ ವೂಫರ್‌ನ ಅಲುಗುವ ಕೋನು 15 ಗ್ರಾಂ, ಪೆಟ್ಟಿಗೆ 7 ಕಿಲೋ ಎಂದಿಟ್ಟುಕೊಳ್ಳಿ. ಕೋನು ಮುಂದೆ ಜಿಗಿದಾಗ ಪೆಟ್ಟಿಗೆ ಹಿಂದೆ ಸರಿಯಲೇಬೇಕು. ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೆಯ ನಿಯಮವೇ ಇದು. ತೂಕದ ಅನುಪಾತದಲ್ಲಿ, ಕೋನು 4 ಮಿಲಿಮೀಟರ್ ಚಲಿಸಿದರೆ ಪೆಟ್ಟಿಗೆ ಸುಮಾರು 9 ಮೈಕ್ರಾನ್ ಅಲುಗುತ್ತದೆ. ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂಬತ್ತು ಪಾಲು ಏನು ಮಹಾ ಎನ್ನಿಸಬಹುದು. ಆದರೆ ತಟ್ಟೆಯ ಗೀರಿನಲ್ಲಿ ಮೆಲುದನಿಯ ಭಾಗಗಳಲ್ಲಿ ಸೂಜಿ ಓದುವ ಅಲೆ ಒಂದೇ ಒಂದು ಮೈಕ್ರಾನಿಗಿಂತಲೂ ಕಡಿಮೆ. ಮನ್ಸೂರರು ಮಂದ್ರದಲ್ಲಿ ಸ್ವರವನ್ನು ತೆಳುವಾಗಿ ಬಿಟ್ಟುಕೊಡುವ ಜಾಗವೆಲ್ಲ ಇಂಥ ಗೀರಿನಲ್ಲಿಯೇ ಇರುತ್ತದೆ.

ಇದರ ಮೇಲೆ ಇನ್ನೊಂದು ಸಂಗತಿ. ತಟ್ಟೆ ಕೊರೆಯುವಾಗ ಗೀರು ಅಗಲವಾಗಬಾರದೆಂದು ಮಂದ್ರ ಸ್ವರಗಳನ್ನು ತಗ್ಗಿಸಿ ಕೊರೆಯುತ್ತಾರೆ. ನುಡಿಸುವಾಗ, ಕಾರ್ಟ್ರಿಜ್‌ನ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಫೋನೋ ಆಂಪ್ಲಿಫೈಯರ್ ಅವುಗಳನ್ನು ಮತ್ತೆ ಎತ್ತಿಕೊಡುತ್ತದೆ. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ (ಸೂಜಿಯ ಜೊತೆ ಅಯಸ್ಕಾಂತ ಅಲುಗುವ ಬಗೆಯ) ಕಾರ್ಟ್ರಿಜ್‌ಗೆ 1000 ಹರ್ಟ್ಜ್‌ನಲ್ಲಿ ನೂರು ಪಟ್ಟು ವರ್ಧನೆ ಇದ್ದರೆ, 20 ಹರ್ಟ್ಜ್‌ನಲ್ಲಿ ಅದರ ಮೇಲೆ ಮತ್ತೆ ಸುಮಾರು ಒಂಬತ್ತು ಪಟ್ಟು. ಅಂದರೆ ನೆಲದ ನಡುಕ, ಹೆಜ್ಜೆಯ ಸದ್ದು, ಶೋಕೇಸಿನ ಗುಂಗು ಯಾವ ಹರ್ಟ್ಜ್ ಪಟ್ಟಿಯಲ್ಲಿವೆಯೋ ಆ ಪಟ್ಟಿಯನ್ನೇ ಈ ಯಂತ್ರ ಎಲ್ಲಕ್ಕಿಂತ ಹೆಚ್ಚು ದೊಡ್ಡದು ಮಾಡುತ್ತದೆ. ಸಿ.ಡಿ. ಅಥವಾ ಮೊಬೈಲಿನ ಸಂಗೀತಕ್ಕೆ ಈ ಕಾಟವಿಲ್ಲ. ಅದೇ ಸ್ಪೀಕರ್, ಅದೇ ಶೋಕೇಸು, ಆದರೂ ತಟ್ಟೆ ಹಾಕಿದಾಗ ಮಾತ್ರ ಗುಂಯ್ ಎನ್ನುವುದು ಈ ಕಾರಣಕ್ಕೆ.

ಆದ್ದರಿಂದ ಮೊದಲ ಕೆಲಸ: ಪ್ಲೇಯರ್ ಮತ್ತು ಸ್ಪೀಕರ್ ಒಂದೇ ಪೀಠೋಪಕರಣದ ಮೇಲೆ ಇರಬಾರದು. ಇದಕ್ಕೆ ವಿನಾಯಿತಿ ಕೊಡಲು ನನಗೆ ಮನಸ್ಸಿಲ್ಲ. ಯಾವ ಬೆಲೆಯ ಕಾಲುಗಳನ್ನು ಹಾಕಿದರೂ ಈ ಬೇರ್ಪಡಿಕೆಗೆ ಅವು ಸಮನಾಗುವುದಿಲ್ಲ. ಆದರೆ ಬೇರೆಡೆ ಇಡುವಾಗ ಜಾಗ ನೋಡಿ ಇಡಿ. ಕಂಪನ ಕಟ್ಟಿಗೆಯಲ್ಲಿ ಹರಿಯುವಂತೆ ಗಾಳಿಯಲ್ಲಿಯೂ ಬರುತ್ತದೆ, ಗಾಳಿಯಲ್ಲಿ ಬರುವುದಕ್ಕೆ ಕಾಲುಗಳ ಹಂಗಿಲ್ಲ. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 47 ಹರ್ಟ್ಜ್‌ನ ಅಲೆ ನಿಂತುಬಿಡುತ್ತದೆ. ಅದರ ಒತ್ತಡ ಗೋಡೆಗಳ ಬಳಿ ಅತಿ ಹೆಚ್ಚು, ನಡುವೆ ಅತಿ ಕಡಿಮೆ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಇಂಥ ಎಲ್ಲ ಅಲೆಗಳ ಒತ್ತಡವೂ ಒಟ್ಟುಗೂಡುತ್ತದೆ. ನಿಮ್ಮ ಶೋಕೇಸು ಇರುವುದು ಮೂಲೆಯಲ್ಲಿ. ಸ್ಪೀಕರ್‌ಗೂ ಅದು ತಪ್ಪು ಜಾಗ, ಪ್ಲೇಯರ್‌ಗೂ ತಪ್ಪು ಜಾಗ.

ಪ್ಲೇಯರ್‌ನ ಪ್ಲಾಸ್ಟಿಕ್ ಮುಚ್ಚಳವೂ ಗಾಳಿಯ ಈ ಒತ್ತಡವನ್ನು ಹಾಯಿಯಂತೆ ಹಿಡಿದು ಕೆಳಗಿನ ಚೌಕಟ್ಟಿಗೆ ತಲುಪಿಸುತ್ತದೆ. ತಟ್ಟೆ ತಿರುಗುವಾಗ ಅದನ್ನು ಪೂರ್ತಿ ತೆಗೆದು ಪಕ್ಕಕ್ಕಿಡಿ, ಮುಗಿದ ಮೇಲೆ ಮರೆಯದೆ ಹಾಕಿ. ಹುಬ್ಬಳ್ಳಿಯ ಧೂಳಿಗೆ ಸೂಜಿಯನ್ನು ತೆರೆದಿಡಬಾರದು.

ಎರಡನೆಯ ದೂರು, ಮಗಳ ಓಟ. ಮನುಷ್ಯನ ನಡಿಗೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಹೆಜ್ಜೆ. ಮಕ್ಕಳ ಓಟ ಇನ್ನೂ ಚುರುಕು. ಇವು 2ರಿಂದ 4 ಹರ್ಟ್ಜ್‌ನ ನಿಧಾನದ ತುಳುಕಾಟಗಳು. ಪ್ಲೇಯರ್‌ನ ತೋಳು ಮತ್ತು ಕಾರ್ಟ್ರಿಜ್ ಕೂಡಿದಾಗ ಅವುಗಳ ಸಹಜ ಕಂಪನ ಸಾಮಾನ್ಯವಾಗಿ 8ರಿಂದ 12 ಹರ್ಟ್ಜ್ ನಡುವೆ ಇರುವಂತೆ ಮಾಡಿರುತ್ತಾರೆ. ಹೆಜ್ಜೆಯ ಹೊಡೆತಕ್ಕೆ ಮಹಡಿಯ ಸ್ಲ್ಯಾಬ್ ತಾನೂ ಮಿಡಿದು ಆ ಪಟ್ಟಿಗೆ ಏಟು ಕೊಟ್ಟಾಗ ಸೂಜಿ ಗೀರು ಬಿಟ್ಟು ಎಗರುತ್ತದೆ. ಪ್ರತಿ ಜಿಗಿತವೂ ತಟ್ಟೆಗೆ ಗಾಯ ಮಾಡಬಹುದು. ತಂದೆಯವರ ಸಂಗ್ರಹ ಎಂದಿದ್ದೀರಿ, ಈ ದೂರನ್ನು ನಾನು ಮೂರರಲ್ಲಿ ಎಲ್ಲಕ್ಕಿಂತ ತುರ್ತಿನದು ಎಂದು ಭಾವಿಸುತ್ತೇನೆ.

ಇದಕ್ಕೆ ಪರಿಹಾರ ನೆಲವನ್ನೇ ಬಿಟ್ಟುಬಿಡುವುದು. ಪ್ಲೇಯರನ್ನು ಗೋಡೆಗೆ ಏರಿಸಿ. ಮನೆಯ ಹೊರಗೋಡೆ ಒಂಬತ್ತು ಇಂಚಿನ ಇಟ್ಟಿಗೆಯದಾಗಿದ್ದರೆ ಅದೇ ಒಳ್ಳೆಯದು. ಕೋಣೆ ವಿಭಾಗಿಸಲು ಎತ್ತಿದ ನಾಲ್ಕೂವರೆ ಇಂಚಿನ ಗೋಡೆ ಬೇಡ, ಅದು ತಾನೇ ತಮಟೆಯಂತೆ ಮಿಡಿಯುತ್ತದೆ. ಗೋಡೆಯನ್ನು ಮುಷ್ಟಿಯಿಂದ ಗುದ್ದಿ ನೋಡಿ: ನೋವು ಕೈಗೆ ಮಾತ್ರ ಆಗಿ ಸದ್ದು ಬರದಿದ್ದರೆ ಅದು ನಿಮ್ಮ ಗೋಡೆ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್‌ನಿಂದ ಎರಡು ತ್ರಿಕೋನ ಬ್ರಾಕೆಟ್ ಮಾಡಿಸಿ, ಆಂಕರ್ ಬೋಲ್ಟ್ ಹಾಕಿ ಬಿಗಿಸಿ, ಮೇಲೆ ದಪ್ಪ ಪ್ಲೈವುಡ್ ಹಲಗೆಯಿಟ್ಟು ರಸಮಟ್ಟದಿಂದ ಎರಡೂ ದಿಕ್ಕಿಗೆ ಮಟ್ಟ ನೋಡಿ. ಸ್ಪೀಕರ್‌ಗಳ ಬೆನ್ನಿಗಿರುವ ಗೋಡೆ ಬೇಡ, ಪಕ್ಕದ ಗೋಡೆಯ ನಡುಭಾಗ ಇರಲಿ. ಫೋನೋ ತಂತಿ ಉದ್ದವಾದಷ್ಟೂ ಗುಂಗು ಹಿಡಿಯುತ್ತದೆ, ಧ್ವನಿಯ ತೀಕ್ಷ್ಣ ಭಾಗವೂ ಬದಲಾಗುತ್ತದೆ. ಆದ್ದರಿಂದ ಆಂಪ್ಲಿಫೈಯರನ್ನೂ ಪ್ಲೇಯರ್ ಹತ್ತಿರವೇ ಒಯ್ಯಿರಿ, ಆದರೆ ಅಂಟಿಸಿ ಇಡಬೇಡಿ. ಉದ್ದವಾಗಬೇಕಾದದ್ದು ಸ್ಪೀಕರ್‌ನ ತಂತಿ. ಎಂಟು ಮೀಟರ್ ಆದರೂ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಸಾಕು.

ಗೋಡೆಗೆ ಮೊಳೆ ಹೊಡೆಯಲು ಬಾಡಿಗೆ ಮನೆಯ ಮಾಲೀಕರು ಒಪ್ಪದಿದ್ದರೆ? ಆಗ ಭಾರವಾದ, ತಗ್ಗಾದ, ಅಲುಗಾಡದ ಮೇಜು ಬೇಕು. ಅದನ್ನು ಸ್ಲ್ಯಾಬ್‌ನ ನಡುವೆ ಇಡದೆ, ಕೆಳಗೆ ತೊಲೆ ಅಥವಾ ಗೋಡೆ ಹಾದುಹೋಗುವ ಅಂಚಿನಲ್ಲಿ ಇಡಿ. ಸ್ಲ್ಯಾಬ್ ಹೆಚ್ಚು ಮಿಡಿಯುವುದು ನಡುವೆ.

ಮೆತ್ತೆ, ರಬ್ಬರ್, ಸ್ಪ್ರಿಂಗ್‌ಗಳ ಬಗ್ಗೆ ಈಗ ಹೇಳಬಹುದು, ಏಕೆಂದರೆ ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ. ಮೆತ್ತಗಿನದು ಏನನ್ನು ಇಟ್ಟರೂ ಕಂಪನ ತಡೆಯುತ್ತದೆ ಎಂಬ ನಂಬಿಕೆ ಇದೆ. ಮೆತ್ತಗಿನ ವಸ್ತುವಿನ ಮೇಲೆ ಭಾರವಿಟ್ಟಾಗ ಆ ಜೋಡಿಗೆ ತನ್ನದೇ ಒಂದು ಸಹಜ ತೂಗಾಟ ಹುಟ್ಟುತ್ತದೆ. ಭಾರ ಇಟ್ಟಾಗ ಅದು ಎಷ್ಟು ಕುಗ್ಗಿತು ಎಂಬುದರಿಂದ ಆ ತೂಗಾಟದ ವೇಗವನ್ನು ಅಂದಾಜಿಸಬಹುದು: 1 ಮಿಲಿಮೀಟರ್ ಕುಗ್ಗಿದರೆ ಸುಮಾರು 16 ಹರ್ಟ್ಜ್, 4 ಮಿಲಿಮೀಟರ್ ಕುಗ್ಗಿದರೆ 8, 10 ಮಿಲಿಮೀಟರ್ ಕುಗ್ಗಿದರೆ 5. ರಬ್ಬರಿನಲ್ಲಿ ನಿಜವಾದ ಅಂಕೆ ಇದಕ್ಕಿಂತ ತುಸು ಮೇಲೆಯೇ ಇರುತ್ತದೆ. ಬರುವ ಕಂಪನ ಈ ವೇಗದ 1.4 ಪಟ್ಟು ದಾಟಿದ ಮೇಲೆಯೇ ತಡೆ ಶುರು. ಮೂರು ಪಟ್ಟು ದಾಟಿದರೆ ಎಂಟರಲ್ಲಿ ಒಂದು ಪಾಲು ಮಾತ್ರ ಮೇಲೆ ಹೋಗುತ್ತದೆ. ಆದರೆ ಬರುವ ಕಂಪನ ಸಹಜ ತೂಗಾಟಕ್ಕೆ ಸರಿಸಮ ಆಗಿಬಿಟ್ಟರೆ ಮೆತ್ತೆ ಅದನ್ನು ತಡೆಯುವ ಬದಲು ಹಿಗ್ಗಿಸುತ್ತದೆ, ಉಯ್ಯಾಲೆಯನ್ನು ಹದವರಿತು ನೂಕಿದ ಹಾಗೆ.

ಈ ಲೆಕ್ಕ ಗೊತ್ತಿದ್ದರೆ ಅಂಗಡಿಯ ಎಷ್ಟೋ ವಸ್ತುಗಳನ್ನು ಮನೆಯಲ್ಲಿಯೇ ತೂಗಿ ನೋಡಬಹುದು. ಭಾರ ಇಟ್ಟರೂ ಕೂದಲೆಳೆಯಷ್ಟೂ ಕುಗ್ಗದ ಗಟ್ಟಿ ರಬ್ಬರ್ ಬಿಲ್ಲೆ ಮಂದ್ರದ ಕಂಪನವನ್ನು ತಡೆಯಲಾರದು, ಅದರ ಬೆಲೆ ಎಷ್ಟೇ ಇರಲಿ. ಮಡಿಸಿದ ಕೌದಿಯೂ ಅಷ್ಟೆ: ಹಾಕಿದ ದಿನ ಮೆತ್ತಗೆ, ವಾರ ಕಳೆದರೆ ಭಾರಕ್ಕೆ ಅದುಮಿ ಹಪ್ಪಳ. ಸೈಕಲ್ ಟ್ಯೂಬ್ ಒಳ್ಳೆಯ ಸಾಧನ. ಸಣ್ಣ ಸೈಕಲ್ಲಿನ ಟ್ಯೂಬಿಗೆ ಅರೆಬರೆ ಗಾಳಿ ತುಂಬಿ, ಸುತ್ತಿ ಇಟ್ಟು, ಮೇಲೆ 45 ಸೆಂಟಿಮೀಟರ್ ಉದ್ದ, 40 ಅಗಲ, ಎರಡೂವರೆ ದಪ್ಪದ ಕಡಪಾ ಕಲ್ಲಿನ ಹಲಗೆ ಇಟ್ಟರೆ, ಆ ಹನ್ನೆರಡು ಕಿಲೋ ಕಲ್ಲು ತೇಲಿದಂತೆ ನಿಲ್ಲುತ್ತದೆ. ಅಂಗೈಯಿಂದ ಮೆಲ್ಲಗೆ ಒತ್ತಿ ಬಿಟ್ಟರೆ ನಿಧಾನಕ್ಕೆ ಎರಡು ಮೂರು ಬಾರಿ ತೂಗಿ ನಿಲ್ಲಬೇಕು. ಕಲ್ಲು ಕದಲದಷ್ಟು ಗಾಳಿ ಹೊಡೆದಿದ್ದರೆ ಅದು ಹೆಚ್ಚಾಯಿತು. ಕಲ್ಲು ಕೆಳಗಿನ ಹಲಗೆಗೆ ತಾಗಿದರೆ ಕಡಿಮೆಯಾಯಿತು. ಸ್ಪೀಕರ್‌ನಿಂದ ಬರುವ 40, 60, 100 ಹರ್ಟ್ಜ್‌ನ ನಡುಕಕ್ಕೆ ಇದು ಬಲವಾದ ತಡೆ. ಆದರೆ ಮಗಳ ಹೆಜ್ಜೆಗೆ ಇದೇ ಟ್ಯೂಬ್ ಶತ್ರು, ಏಕೆಂದರೆ ಎರಡರ ವೇಗವೂ ಹತ್ತಿರ ಹತ್ತಿರ. ಆದ್ದರಿಂದ ನಿಮ್ಮ ಮನೆಯಲ್ಲಿ ಮೊದಲು ಗೋಡೆಯ ಹಲಗೆ. ಅದಾದ ಮೇಲೂ ಗುಂಯ್‌ಕಾರ ಉಳಿದರೆ ಮಾತ್ರ ಆ ಹಲಗೆಯ ಮೇಲೆ ಟ್ಯೂಬ್ ಮತ್ತು ಕಲ್ಲು, ಆಗ ಬ್ರಾಕೆಟ್‌ಗೆ ಆ ತೂಕ ಹೊರುವ ಬಲ ಇರುವಂತೆ ಮೊದಲೇ ಮಾಡಿಸಿರಬೇಕು.

ಅಂಗಡಿಯವರ ಗ್ರಾನೈಟ್ ಹಲಗೆಗೂ ಇಲ್ಲಿಯೇ ಉತ್ತರವಿದೆ. ಕಲ್ಲು ಮೆತ್ತಗಿನದರ ಮೇಲೆ ಕುಳಿತಾಗ ತನ್ನ ಭಾರದಿಂದ ಕೆಲಸ ಮಾಡುತ್ತದೆ. ಶೋಕೇಸಿನ ಮೇಲೆ ನೇರವಾಗಿ ಇಟ್ಟರೆ ಶೋಕೇಸಿನ ಜೊತೆ ತಾನೂ ನಡುಗುತ್ತದೆ, ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತದೆ.

ಮೊನೆಗಾಲಿನ ವಿಷಯದಲ್ಲಿ ನನಗೆ ಸ್ವಂತ ಅನುಭವವಿದೆ. ಧಾರವಾಡದ ಮಾಳಮಡ್ಡಿಯಲ್ಲಿ ಗೆಳೆಯರೊಬ್ಬರದು ಹಳೆಯ ಮನೆ, ಮೇಲಿನ ಕೋಣೆಗೆ ಸಾಗುವಾನಿ ಹಲಗೆಯ ನೆಲ. ಅಲ್ಲಿ ನಾವಿಬ್ಬರೂ ಸ್ಪೀಕರ್‌ಗಳಿಗೆ ಹಿತ್ತಾಳೆಯ ಮೊನೆಗಾಲು ಹಾಕಿ, ಕಂಪನ ಇನ್ನು ಕೆಳಗಿಳಿಯುವುದಿಲ್ಲ ಎಂದುಕೊಂಡೆವು. ಭೀಮಸೇನ ಜೋಶಿಯವರ ತಟ್ಟೆ ಹಾಕಿದೆವು. ಗಂಡುದನಿಯ ತಂಬೂರಿಯ ಖರ್ಜದ (ಎಲ್ಲಕ್ಕಿಂತ ಕೆಳಗಿನ ಷಡ್ಜದ) ತಂತಿ ಹಾರ್ಮೋನಿಯಂನ ಕಾಳಿ ಒಂದಕ್ಕೆ, ಅಂದರೆ ಮೊದಲ ಕರಿಮನೆಯ ಸ್ವರಕ್ಕೆ ಶ್ರುತಿಗೊಂಡಿದ್ದರೆ ಸುಮಾರು 69 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಪ್ರತಿ ಆವರ್ತನೆಯಲ್ಲಿ ಆ ನಾಲ್ಕನೆಯ ತಂತಿ ಬಂದಾಗ ನನ್ನ ಅಂಗಾಲಿನ ಕೆಳಗೆ ಹಲಗೆ ಜುಮ್ಮೆನ್ನುತ್ತಿತ್ತು, ಉಳಿದ ಮೂರಕ್ಕೆ ಸುಮ್ಮನಿರುತ್ತಿತ್ತು. ಬರಿಗಾಲಿನಲ್ಲಿ ನಿಂತು ಅದನ್ನು ಎಣಿಸಿದ್ದು ಇಂದಿಗೂ ನೆನಪಿದೆ. ಮೊನೆಗಾಲು ಕಂಪನವನ್ನು ಕತ್ತರಿಸುವುದಿಲ್ಲ. ಪೆಟ್ಟಿಗೆಯನ್ನು ನೆಲಕ್ಕೆ ಗಟ್ಟಿಯಾಗಿ ಜೋಡಿಸುತ್ತದೆ. ದಪ್ಪ ಜಮಖಾನೆ ಹಾಸಿದ ಗಟ್ಟಿ ನೆಲದ ಮೇಲೆ ಸ್ಪೀಕರ್ ಓಲಾಡದೆ ನಿಲ್ಲಲು ಅದು ಉಪಯುಕ್ತ. ಮೊನೆ ಬಟ್ಟೆಯನ್ನು ದಾಟಿ ನೆಲ ಹಿಡಿಯುತ್ತದೆ. ನಿಮ್ಮ ಟೈಲ್ಸ್ ನೆಲಕ್ಕೆ ಅದು ಗೀರು ಹಾಕುತ್ತದೆ, ಕೆಳಗಿನ ಮನೆಯವರಿಗೆ ಡಗ್ಗಾವನ್ನು ಇನ್ನಷ್ಟು ನಿಷ್ಠೆಯಿಂದ ತಲುಪಿಸುತ್ತದೆ. ಗೆಳೆಯರ ಮನೆಯಲ್ಲಿ ಮೊನೆಗಾಲು ತೆಗೆದು ಮೆತ್ತಗಿನ ರಬ್ಬರ್ ಇಟ್ಟೆವು, ನೆಲ ಸುಮ್ಮನಾಯಿತು.

ಸ್ಪೀಕರ್‌ಗಳಿಗೆ ಸ್ಟ್ಯಾಂಡ್ ಮಾಡಿಸಿ. ಚೌಕ ಕಬ್ಬಿಣದ ಕೊಳವೆ, ಕೆಳಗೆ ಅಗಲವಾದ ತಳಪಟ್ಟಿ, ಮೇಲೆ ಸ್ಪೀಕರ್ ಅಳತೆಯ ಪಟ್ಟಿ. ಕೊಳವೆಯಲ್ಲಿ ಚೆನ್ನಾಗಿ ಒಣಗಿದ ಮರಳು ತುಂಬಿ ಮುಚ್ಚಿಸಿ. ಖಾಲಿ ಕೊಳವೆ ಗಂಟೆಯಂತೆ ಬಾರಿಸುತ್ತದೆ, ಹಸಿ ಮರಳು ತುಕ್ಕು ಹಿಡಿಸುತ್ತದೆ. ಎತ್ತರವನ್ನು ನೀವು ಕೂರುವ ರೀತಿಗೆ ತಕ್ಕಂತೆ ಅಳೆಯಿರಿ. ಸಿದ್ಧ ಸ್ಟ್ಯಾಂಡ್‌ಗಳು ಕುರ್ಚಿಯಲ್ಲಿ ಕೂರುವವರಿಗೆ ಹೊಂದುತ್ತವೆ. ನಮ್ಮಲ್ಲಿ ಬೈಠಕ್ ಎಂದರೆ ನವಲಗುಂದದ ಜಮಖಾನೆ ಹಾಸಿ ಕೆಳಗೇ ಕೂರುವುದು. ಹಾಗೆ ಕುಳಿತಾಗ ನಿಮ್ಮ ಕಿವಿ ನೆಲದಿಂದ ಎಷ್ಟು ಎತ್ತರವೋ ಅಷ್ಟಕ್ಕೆ ಟ್ವೀಟರ್, ಅಂದರೆ ತೀಕ್ಷ್ಣ ಸ್ವರಗಳನ್ನು ನುಡಿಸುವ ಸಣ್ಣ ಭಾಗ, ಬರಲಿ. ಹಿಂದಿನ ಗೋಡೆಯಿಂದ ಎರಡು ಅಡಿಯಾದರೂ ಮುಂದೆ ತನ್ನಿ. ಮೂಲೆ ಬಿಟ್ಟು ಬಂದ ದಿನವೇ ಮಂದ್ರದ ಉಬ್ಬರ ಇಳಿದು, ಗಂಗೂಬಾಯಿಯವರ ದನಿಯ ಎದೆತುಂಬಿದ ಗಡಸು ಬಿಡಿಯಾಗಿ ಕೇಳಿಸುತ್ತದೆ. ಮನೆಯಲ್ಲಿ ಮಗು ಇರುವುದರಿಂದ ಸ್ಪೀಕರನ್ನು ಸ್ಟ್ಯಾಂಡಿಗೆ ಪಟ್ಟಿಯಿಂದ ಬಿಗಿಯುವುದನ್ನು ಮರೆಯಬೇಡಿ.

ಪೆಟ್ಟಿಗೆಯ ಗೋಡೆಗಳು ತಾವೇ ಹಾಡುತ್ತಿದ್ದರೆ ಕಾಲುಗಳಿಂದ ಅದು ವಾಸಿಯಾಗದು. ಬೆರಳ ಗೆಣ್ಣಿನಿಂದ ಪಕ್ಕೆಗೆ ತಟ್ಟಿ, ಮಣ್ಣಿನ ಗಡಿಗೆಯ ಹಾಗೆ ದೀರ್ಘವಾಗಿ ದನಿಗೊಟ್ಟರೆ ದೋಷ ಒಳಗಿದೆ ಎಂದರ್ಥ. ಬಿಬಿಸಿ 1970ರ ದಶಕದಲ್ಲಿ ತನ್ನ ಪ್ರಸಾರ ವ್ಯಾನುಗಳಿಗಾಗಿ ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್‌ನಲ್ಲಿ ಗೋಡೆಗಳನ್ನು ದಪ್ಪ ಮಾಡುವ ಬದಲು ತೆಳು ಪ್ಲೈವುಡ್‌ಗೆ ಒಳಗಿನಿಂದ ಕಂಪನ ನುಂಗುವ ಭಾರದ ಹಾಳೆ ಅಂಟಿಸಿದರು. ಕಾರಿನ ಬಾಗಿಲೊಳಗೆ ಅಂಟಿಸುವ ಹಾಳೆಯದೂ ಇದೇ ಗುಣ. ನಿಮ್ಮವು ಹೊಸ ಸ್ಪೀಕರ್, ವಾರಂಟಿ ಇರುವವರೆಗೆ ಬಿಚ್ಚಲು ಹೋಗಬೇಡಿ.

ಆಂಪ್ಲಿಫೈಯರ್ ಕೆಳಗಿನ ಬಿಲ್ಲೆಗಳು ಬೇಡವೇ ಬೇಡ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗೆ ನಿಮ್ಮ ಮನೆಯಲ್ಲಿ ಹುಟ್ಟುವ ಯಾವ ನಡುಕವೂ ಲೆಕ್ಕಕ್ಕಿಲ್ಲ. ಅದಕ್ಕೆ ಬೇಕಿರುವುದು ಮೇಲೂ ಪಕ್ಕದಲ್ಲಿಯೂ ಗಾಳಿಯಾಡುವ ಜಾಗ. ವಾಲ್ವ್ ಆಂಪ್ಲಿಫೈಯರ್ ಆಗಿದ್ದರೆ ಮಾತು ಬೇರೆ. ಗಾಜಿನ ಬುರುಡೆಯೊಳಗಿನ ತಂತಿಗಳು ಅಲುಗಿದರೆ ಸ್ಪೀಕರ್‌ನಲ್ಲಿ ಟಿಂಗ್ ಎಂದು ಕೇಳುತ್ತದೆ.

ಇನ್ನು ಕೆಳಮನೆಯ ಹಿರಿಯರು. ಡಗ್ಗಾದ ಗುಂಗು 100 ಹರ್ಟ್ಜ್‌ನ ಆಚೀಚೆಯದು. ಶೋಕೇಸಿನ ಕಾಲುಗಳಿಂದ ಸ್ಲ್ಯಾಬ್‌ಗೆ ಇಳಿದು ಅವರ ಛಾವಣಿಯನ್ನೇ ಸ್ಪೀಕರ್ ಮಾಡಿಕೊಳ್ಳುತ್ತಿದೆ. ಮರಳು ತುಂಬಿದ ಸ್ಟ್ಯಾಂಡಿನ ತಳಕ್ಕೂ ನೆಲಕ್ಕೂ ನಡುವೆ, ಭಾರಕ್ಕೆ ಒಂದೆರಡು ಮಿಲಿಮೀಟರ್ ಆದರೂ ಕುಗ್ಗುವ ಮೆತ್ತಗಿನ ರಬ್ಬರ್ ತುಂಡುಗಳನ್ನು ನಾಲ್ಕು ಮೂಲೆಗೆ ಇಡಿ. ಸ್ಟ್ಯಾಂಡ್ ಓಲಾಡುವಷ್ಟು ಮೆತ್ತಗಿನದು ಬೇಡ. ಸ್ಲ್ಯಾಬ್ ಮೂಲಕ ಇಳಿಯುವ ಪಾಲು ಇದರಿಂದ ಚೆನ್ನಾಗಿ ತಗ್ಗುತ್ತದೆ. ಗಾಳಿಯಿಂದ ಸ್ಲ್ಯಾಬ್‌ಗೆ ಬಡಿದು ಇಳಿಯುವ ಪಾಲು ಉಳಿಯುತ್ತದೆ. ಅದಕ್ಕೆ ಧ್ವನಿ ಇಳಿಸುವುದು ಬಿಟ್ಟರೆ, ಮೂಲೆಯಿಂದ ದೂರ ಸರಿಸುವುದೊಂದೇ ಉಪಾಯ, ಅದನ್ನು ಹೇಗೂ ಮಾಡುತ್ತಿದ್ದೀರಿ. ಜಮಖಾನೆ ಈ ಮಂದ್ರವನ್ನು ತಡೆಯುವುದಿಲ್ಲ, ಕೋಣೆಯ ತೀಕ್ಷ್ಣ ಪ್ರತಿಧ್ವನಿಯನ್ನಷ್ಟೇ ಹೀರುತ್ತದೆ.

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಈ ವಾರ ಸ್ಪೀಕರ್‌ಗಳನ್ನು ಶೋಕೇಸಿನಿಂದ ಇಳಿಸಿ, ಸದ್ಯಕ್ಕೆ ಎರಡು ಗಟ್ಟಿ ಸ್ಟೂಲುಗಳ ಮೇಲೆ ಇಟ್ಟು ಕೇಳಿ; ಗುಂಯ್‌ಕಾರ ಎಷ್ಟು ಇಳಿಯಿತು ಎಂದು ಬರೆದಿಡಿ. ಮುಂದಿನ ವಾರ ಗೋಡೆಯ ಬ್ರಾಕೆಟ್. ರಬ್ಬರ್ ಇಟ್ಟ ದಿನ, ತಬಲಾದ ಅದೇ ಸೋಲೋವನ್ನು ಅದೇ ಮಟ್ಟದಲ್ಲಿ ಹಾಕಿ, ನೀವು ಕೆಳಗಿಳಿದು ಹಿರಿಯರ ಕೋಣೆಯಲ್ಲಿ ಅವರ ಪಕ್ಕದಲ್ಲಿ ಕುಳಿತು ಐದು ನಿಮಿಷ ಕೇಳಿ. ಮಗಳು ಮೇಲೆ ರಬ್ಬರ್ ತೆಗೆದು ಒಮ್ಮೆ, ಇಟ್ಟು ಒಮ್ಮೆ ನುಡಿಸಲು ಮನೆಯಲ್ಲಿ ಯಾರಾದರೂ ಅವಳ ಜೊತೆಗಿರಲಿ.